ಒಂದು ಬೈಗುಳ, ನಾಲ್ಕು ಊರು

ಕಾಲೇಜಿನಲ್ಲಿ ನಮಗೆ ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ ಪಠ್ಯವಾಗಿತ್ತು. ಅದರ ಮೂರನೆಯ ಅಂಕದಲ್ಲಿ ಹೂ ಮಾರುವ ಎಲೈಜಾ, ದೊಡ್ಡವರ ಉಚ್ಚಾರಣೆಯನ್ನು ಹೊಸದಾಗಿ ಕಲಿತು, ಪ್ರೊಫೆಸರ್ ಹಿಗ್ಗಿನ್ಸನ ತಾಯಿಯ ಮನೆಗೆ ಬರುತ್ತಾಳೆ. ಹೊರಡುವ ಹೊತ್ತಿಗೆ ತರುಣನೊಬ್ಬ, ಪಾರ್ಕಿನ ದಾರಿಯಲ್ಲಿ ನಡೆದು ಹೋಗುತ್ತೀರಾ ಎಂದು ಕೇಳುತ್ತಾನೆ. ಸಾಧ್ಯವೇ ಇಲ್ಲ ಎನ್ನುವಾಗ ಅವಳು ನಡುವೆ ‘ಬ್ಲಡಿ’ ಎಂಬ ಮಾತೊಂದನ್ನು ಸೇರಿಸಿಬಿಡುತ್ತಾಳೆ. “ಇಲ್ಲಿ ಇಡೀ ಲಂಡನ್ ನಕ್ಕಿತು” ಎಂದರು ನಮ್ಮ ಮೇಷ್ಟ್ರು. ನಾವು ಮಿಕಮಿಕ ನೋಡಿದೆವು. ನಗು ಬರುವುದಾದರೂ ಹೇಗೆ? ನಮ್ಮ ಪಾಲಿಗೆ ಅದು ಹೂ ಮಾರುವವಳ ಮಾತಲ್ಲ. ಹೈಸ್ಕೂಲಿನ ಹೆಡ್ಮಾಸ್ಟರರ ಮಾತು. ಫೀಸು ತರದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ ಅವರು ‘ಬ್ಲಡಿ ಫೂಲ್ಸ್’ ಎನ್ನುತ್ತಿದ್ದರು.

ನಗು ಹುಟ್ಟದ ಆ ತರಗತಿ ನನ್ನನ್ನು ಬಹುಕಾಲ ಕಾಡಿದೆ. ಒಂದೇ ಭಾಷೆಯ ಒಂದೇ ಶಬ್ದ ಒಂದು ಕಡೆ ನಗಿಸಿ, ಇನ್ನೊಂದು ಕಡೆ ತಲೆ ತಗ್ಗಿಸುವಂತೆ ಮಾಡುವುದು ಹೇಗೆ?

ಮೊದಲು ಲಂಡನ್ನಿನ ಮಾತು. 1914ರ ಏಪ್ರಿಲ್ 11ರಂದು ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಮಿಸೆಸ್ ಪ್ಯಾಟ್ರಿಕ್ ಕ್ಯಾಂಬೆಲ್ ಆ ಮಾತನ್ನಾಡಿದಾಗ ನಗು ಒಂದು ನಿಮಿಷಕ್ಕೂ ಮೀರಿ ನಿಲ್ಲಲಿಲ್ಲವಂತೆ. ಶಬ್ದವನ್ನು ಪೂರ್ತಿಯಾಗಿ ಅಚ್ಚು ಹಾಕಲು ಪತ್ರಿಕೆಗಳಿಗೇ ಸಂಕೋಚ. ಹಾಗೆಂದು ಆ ಶಬ್ದದಲ್ಲಿ ಏನಿದೆ? ರಕ್ತವೂ ಇಲ್ಲ, ಮಾಂಸವೂ ಇಲ್ಲ. ನಮ್ಮ ‘ಭಾರಿ’, ‘ವಿಪರೀತ’ಗಳ ಹಾಗೆ ಮಾತಿಗೆ ತೂಕ ಕೊಡುವುದಷ್ಟೇ ಅದರ ಕೆಲಸ. 1711ರಲ್ಲಿ ಪಾದ್ರಿಯೇ ಆಗಿದ್ದ ಜೊನಾಥನ್ ಸ್ವಿಫ್ಟ್, ಬಿಸಿಲು ಬಲು ಜೋರು ಎನ್ನಲು ಅದನ್ನು ತನ್ನ ಪತ್ರದಲ್ಲಿ ನಿರಾಳವಾಗಿ ಬರೆದಿದ್ದಾನೆ. ಮುಂದೆ ಅದು ಬಡವರ ಬೀದಿಯ ಮಾತೆನಿಸಿಕೊಂಡಾಗ ದಿವಾನಖಾನೆಯ ಬಾಗಿಲು ಮುಚ್ಚಿತು. ಮೈಲಿಗೆಯಾದದ್ದು ಶಬ್ದವಲ್ಲ, ಅದನ್ನಾಡುವ ಬಾಯಿ.

ಷಾಗೆ ಇದು ಚೆನ್ನಾಗಿ ಗೊತ್ತಿತ್ತು. ಆ ದೃಶ್ಯದ ನಿಜವಾದ ಚುರುಕು ಎಲೈಜಾಳ ಮಾತಿನಲ್ಲಿಲ್ಲ, ಅನಂತರ ನಡೆಯುವುದರಲ್ಲಿದೆ ಎಂದು ನನಗೆ ತೋರುತ್ತದೆ. ಅಲ್ಲಿ ಕ್ಲಾರಾ ಎಂಬ, ಕೈ ಬರಿದಾದರೂ ಠೀವಿ ಬಿಡದ ಮನೆತನದ ಹುಡುಗಿ ಕುಳಿತಿದ್ದಾಳೆ. ಇದು ಹೊಸ ಫ್ಯಾಷನ್ನಿನ ಮಾತಿರಬೇಕೆಂದು ನಂಬಿ, ಹೋಗುವಾಗ ತಾನೂ ಅದನ್ನೇ ಆಡುತ್ತಾಳೆ. ಮರ್ಯಾದೆ ಎಂಬುದು ಶಬ್ದಕೋಶದಲ್ಲಿಲ್ಲ, ಯಾರು ಆಡಿದರು ಎನ್ನುವುದರಲ್ಲಿದೆ ಎಂದು ಷಾ ಎರಡೇ ನಿಮಿಷದಲ್ಲಿ ತೋರಿಸಿಬಿಟ್ಟ. ಬೈಗುಳಕ್ಕೆ ನಕ್ಕವರು ಕ್ಲಾರಾಳನ್ನು ಮರೆತರೆ ನಾಟಕವನ್ನು ಅರ್ಧ ನೋಡಿದಂತೆ.

ಇದೇ ಶಬ್ದ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಯಿತು. ಅಲ್ಲಿ ಅದನ್ನು ತಡೆಯುವ ದಿವಾನಖಾನೆಗಳು ಕಡಿಮೆ. 1890ರ ದಶಕದಲ್ಲೇ ಸಿಡ್ನಿಯ ‘ಬುಲೆಟಿನ್’ ಪತ್ರಿಕೆ ಅದನ್ನು ಆಸ್ಟ್ರೇಲಿಯದ ಮಹಾ ವಿಶೇಷಣವೆಂದು ಕರೆದಿತ್ತು. ಅಲ್ಲಿ ಅದು ಬೈಗುಳಕ್ಕಿಂತ ಹೆಚ್ಚಾಗಿ ಸಲುಗೆ. 2006ರಲ್ಲಿ ಆ ದೇಶದ ಪ್ರವಾಸೋದ್ಯಮದವರು, ಎಲ್ಲ ಸಿದ್ಧವಾಗಿದೆ, ನೀವೆಲ್ಲಿದ್ದೀರಿ ಎಂದು ಈ ಶಬ್ದವನ್ನು ಸೇರಿಸಿಯೇ ಜಗತ್ತನ್ನು ಕರೆದರು. ನಮ್ಮ ಕರಾವಳಿಯವರು ‘ಎಲ್ಲಿ ಹಾಳಾಗಿ ಹೋದಿರಿ ಮಾರಾಯ್ರೇ’ ಎಂದು ನಂಟರನ್ನು ಕರೆದ ಹಾಗೆ! ಆದರೆ ಬ್ರಿಟನ್ನಿನಲ್ಲಿ ಟಿವಿ ಜಾಹೀರಾತುಗಳನ್ನು ಪರಿಶೀಲಿಸುವವರು ಅದನ್ನು ತಡೆದರು. ಆಸ್ಟ್ರೇಲಿಯದ ಸಚಿವೆಯೊಬ್ಬರು ಲಂಡನ್ನಿಗೇ ಹೋಗಿ ವಾದಿಸಬೇಕಾಯಿತು. ಆಮೇಲೆ ತಡೆ ತೆರವಾಯಿತು. ಎಲೈಜಾ ಆ ಮಾತನ್ನಾಡಿ ಆಗಲೇ 92 ವರ್ಷ ಕಳೆದಿದ್ದವು.

ಅಮೆರಿಕದಲ್ಲಿ ಅದಕ್ಕೆ ಕಚ್ಚುವ ಹಲ್ಲೇ ಇಲ್ಲ. ಅಲ್ಲಿಯವರಿಗೆ ಅದು ಇಂಗ್ಲೆಂಡಿನವರ ಒಂದು ಚಾಳಿ, ಅಷ್ಟೇ. ಈ ನಾಟಕವೇ 1956ರಲ್ಲಿ ನ್ಯೂಯಾರ್ಕಿನಲ್ಲಿ ‘ಮೈ ಫೇರ್ ಲೇಡಿ’ಯಾಗಿ ರಂಗಕ್ಕೆ ಬಂದಾಗ ದೃಶ್ಯ ಕುದುರೆ ಜೂಜಿನ ಮೈದಾನಕ್ಕೆ ಸ್ಥಳಾಂತರವಾಯಿತು. ಅಲ್ಲಿ ಎಲೈಜಾ ಬೇರೆಯೇ ಶಬ್ದ ಬಳಸಿ, ಕುದುರೆಯ ಹಿಂಭಾಗವನ್ನು ಹೆಸರಿಸಿಯೇ ಅದನ್ನು ಹುರಿದುಂಬಿಸುತ್ತಾಳೆ. ಶಬ್ದ ಹೋಯಿತು, ನಗು ಉಳಿಯಿತು.

ಇನ್ನು ನಮ್ಮ ಕಡೆ. ದಂಡಿನ ಪ್ರದೇಶ, ರೈಲ್ವೆ, ಚಿನ್ನದ ಗಣಿ, ಕಾಫಿ ತೋಟ ಎಂದು ದೊರೆಗಳಿದ್ದ ಕಡೆಗಳಿಂದ ಈ ಮಾತು ಇಳಿದು ಬಂತು. ದೊರೆ ಅಂದದ್ದನ್ನು ಗುಮಾಸ್ತ ಕಲಿತ, ಗುಮಾಸ್ತನಿಂದ ಜವಾನ ಅನ್ನಿಸಿಕೊಂಡ. ನಮ್ಮ ಸಿನಿಮಾಗಳಲ್ಲೂ ಇದನ್ನಾಡುವವರು ಪೊಲೀಸ್ ಅಧಿಕಾರಿ, ಇಲ್ಲವೆ ಸೂಟು ಹಾಕಿದ ಸಾಹುಕಾರ, ಹೂ ಮಾರುವವಳಲ್ಲ. ಲಂಡನ್ನಿನಲ್ಲಿ ಕೆಳಗಿನಿಂದ ಮೇಲೇರಿ ದಿವಾನಖಾನೆಯನ್ನು ಬೆಚ್ಚಿಬೀಳಿಸಿದ ಶಬ್ದ, ಇಲ್ಲಿ ಮೇಲಿನಿಂದ ಕೆಳಕ್ಕೆ ಬಿದ್ದು ಬೆನ್ನಿನ ಮೇಲೆ ಬಾಸುಂಡೆ ಎಬ್ಬಿಸಿತು. ದಿಕ್ಕೇ ತಿರುಗುಮುರುಗು.

ಆದ್ದರಿಂದಲೇ ಇಂಥ ಕೃತಿಯನ್ನು ನಮ್ಮ ಭಾಷೆಗೆ ತರುವವನು ಶಬ್ದಕ್ಕೆ ಶಬ್ದ ಹುಡುಕಿದರೆ ಕೆಟ್ಟ. ಯಾರು ಯಾರೆದುರು ಏನನ್ನು ಆಡಕೂಡದು ಎಂಬ ಕಟ್ಟಳೆಯನ್ನು ಅವನು ತರಬೇಕು. ಅದೂ ಊರೂರಿಗೆ ಬೇರೆ. ಧಾರವಾಡದ ಗೆಳೆಯ ಪ್ರೀತಿಯಿಂದ ‘ಏನಲೇ ಮಗನ’ ಎಂದರೆ ಮೈಸೂರಿನ ಕಿವಿ ಕೆಂಪಾಗುತ್ತದೆ. ಮರಾಠಿಯಲ್ಲಿ ‘ತೀ ಫುಲರಾಣಿ’ ಬರೆದ ಪು.ಲ. ದೇಶಪಾಂಡೆಯವರೂ ಕನ್ನಡದಲ್ಲಿ ‘ಸೇವಂತಿ ಪ್ರಸಂಗ’ ಬರೆದ ಜಯಂತ ಕಾಯ್ಕಿಣಿಯವರೂ ಅನುವಾದದ ಬದಲು ರೂಪಾಂತರದ ದಾರಿ ಹಿಡಿದರು. ಅದು ಮೂಲದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲ, ಮೂಲವನ್ನು ತಲುಪುವ ಹತ್ತಿರದ ದಾರಿ.

ನಮ್ಮ ಮೇಷ್ಟ್ರು ಅಂದು ‘ಬ್ಲಡಿ’ ಎಂದರೇನೆಂದು ನಿಘಂಟು ತೆಗೆದು ವಿವರಿಸಿದರು. ಅದರ ಅಗತ್ಯವಿರಲಿಲ್ಲ. ಫೀಸು ತರದೆ ಬೆಂಚಿನ ಮೇಲೆ ನಿಂತ ಹುಡುಗನೊಬ್ಬ, ಅದೇ ಶಬ್ದವನ್ನು, ಅದೇ ಗತ್ತಿನಲ್ಲಿ, ಹೆಡ್ಮಾಸ್ಟರರಿಗೇ ತಿರುಗಿ ಅಂದಿದ್ದರೆ ಹೇಗಿರುತ್ತಿತ್ತು ಎಂದು ಕೇಳಿದ್ದರೆ ಸಾಕಿತ್ತು. ಇಡೀ ತರಗತಿ ನಗುತ್ತಿತ್ತು. ಆ ಬೆಂಚಿನ ಮೇಲೆ ಎರಡು ಸಲ ನಿಂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.