ಮುದುಕನ ಕಣ್ಣು, ಶಾರ್ಕಿನ ಎಣ್ಣೆ

ಅರ್ನೆಸ್ಟ್ ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ (1952) ನಮ್ಮ ತರಗತಿಗಳಲ್ಲಿ ಬಹಳ ಸಲೀಸಾಗಿ ಮೂರು ಪಾತ್ರಗಳ ಕಥೆಯಾಗಿಬಿಡುತ್ತದೆ. ಮುದುಕ ಸ್ಯಾಂಟಿಯಾಗೊ ಛಲದ ಮನುಷ್ಯ, ಮಾರ್ಲಿನ್ ಮೀನು ಅವನಿಗೆ ಸರಿಸಮನಾದ ಎದುರಾಳಿ, ಶಾರ್ಕ್‌ಗಳು ಕೊನೆಗೆ ಬಂದು ಎಲ್ಲವನ್ನೂ ಕಿತ್ತುಕೊಳ್ಳುವ ದುಷ್ಟಶಕ್ತಿ. ಪರೀಕ್ಷೆಗೆ ಇಷ್ಟು ಸಾಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು, ಶಾರ್ಕ್‌ಗಳೆಂದರೆ ಹೆಮಿಂಗ್ವೆಯನ್ನು ಹರಿದು ತಿಂದ ವಿಮರ್ಶಕರು ಎನ್ನುತ್ತಾರೆ. ಅದೇ ವರ್ಷ ಕಲಾ ವಿಮರ್ಶಕ ಬರ್ನಾರ್ಡ್ ಬೆರೆನ್‌ಸನ್‌ಗೆ ಬರೆದ ಪತ್ರದಲ್ಲಿ ಹೆಮಿಂಗ್ವೆ ಇಂಥ ಸಂಕೇತಗಳನ್ನೆಲ್ಲ ತಳ್ಳಿಹಾಕಿ, ಶಾರ್ಕ್ ಅಂದರೆ ಶಾರ್ಕ್ ಅಷ್ಟೇ ಎಂಬರ್ಥದ ಮಾತು ಹೇಳಿದ್ದ. ಲೇಖಕರು ತಮ್ಮ ಕೃತಿಯ ಬಗ್ಗೆ ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ, ನಿಜ. ಈ ಮಾತನ್ನು ಮಾತ್ರ ಒಮ್ಮೆ ನಂಬಿ ಓದಿ ನೋಡಬೇಕು.

ಹಾಗೆ ಓದಿದರೆ ಮೊದಲು ಗೊತ್ತಾಗುವುದು, ಶಾರ್ಕ್‌ಗಳು ಈ ಕಥೆಗೆ ಕೊನೆಯಲ್ಲಿ ಬರುವುದಿಲ್ಲ ಎಂಬುದು. ಆರಂಭದ ಪುಟಗಳಲ್ಲೇ ಕೊಲ್ಲಿಯ ಆಚೆ ದಡದಲ್ಲಿ ಶಾರ್ಕ್ ಕಾರ್ಖಾನೆ ಇದೆ. ಹಿಡಿದು ತಂದವುಗಳನ್ನು ರಾಟೆಗೆ ಏರಿಸಿ, ಪಿತ್ತಜನಕಾಂಗ ತೆಗೆದು, ರೆಕ್ಕೆ ಕತ್ತರಿಸಿ, ಚರ್ಮ ಸುಲಿದು, ಮಾಂಸಕ್ಕೆ ಉಪ್ಪು ಹಾಕುವ ಜಾಗ ಅದು. ಮೂಡಣ ಗಾಳಿ ಬೀಸಿದರೆ ಅದರ ವಾಸನೆ ಬಂದರಿಗೂ ತಲುಪುತ್ತದೆ. ಇನ್ನು ಮೀನುಗಾರರು ಸಾಮಾನಿಡುವ ಗುಡಿಸಲಿನಲ್ಲಿ ಶಾರ್ಕ್ ಎಣ್ಣೆಯ ದೊಡ್ಡ ಡ್ರಮ್ಮು. ಹೆಚ್ಚಿನವರಿಗೆ ಅದರ ರುಚಿ ಸೇರದು. ಮುದುಕ ಮಾತ್ರ ದಿನಕ್ಕೊಂದು ಬಟ್ಟಲು ಕುಡಿಯುತ್ತಾನೆ. ಶೀತಕ್ಕೆ ಒಳ್ಳೆಯದು, ಕಣ್ಣಿಗೂ ಒಳ್ಳೆಯದು.

ಈ ಕಾದಂಬರಿಯ ಬಗ್ಗೆ ಬರೆದವರೆಲ್ಲ ಒಂದಲ್ಲ ಒಂದು ಕಡೆ ಸ್ಯಾಂಟಿಯಾಗೊನ ಕಣ್ಣುಗಳನ್ನು ಕೊಂಡಾಡಿಯೇ ತೀರುತ್ತಾರೆ. ಮೈಯೆಲ್ಲ ಮುಪ್ಪಾದರೂ ಸೋಲೊಪ್ಪದ, ಕಡಲ ಬಣ್ಣದ ಕಣ್ಣುಗಳು. ಆ ಕಣ್ಣಿಗೆ ನಿತ್ಯ ಬೀಳುತ್ತಿದ್ದದ್ದು ಶಾರ್ಕಿನ ಎಣ್ಣೆ ಎಂಬುದನ್ನು ನಾವು ಓದಿಯೂ ಓದದವರಂತೆ ದಾಟಿಬಿಡುತ್ತೇವೆ. ಇದು ಬರೀ ಬೆಸ್ತರ ನಂಬಿಕೆಯಲ್ಲ. ಬೇರೆ ಬಹುತೇಕ ಮೀನುಗಳಿಗಿರುವ ಗಾಳಿಚೀಲ ಶಾರ್ಕಿಗಿಲ್ಲ. ಅದು ಮುಳುಗದಂತೆ ನೆರವಾಗುವುದು ದೊಡ್ಡ ಪಿತ್ತಜನಕಾಂಗದಲ್ಲಿ ತುಂಬಿದ ಎಣ್ಣೆ. ಅದೇ ಎಣ್ಣೆಯಲ್ಲಿ ಕಣ್ಣಿಗೆ ಬೇಕಾದ ವಿಟಮಿನ್ ಎ ಇದೆ. ಎರಡನೇ ಮಹಾಯುದ್ಧದಲ್ಲಿ ಕಾಡ್ ಮೀನಿನ ಎಣ್ಣೆಯ ಆಮದು ನಿಂತಾಗ ನಮ್ಮ ಪಶ್ಚಿಮ ಕರಾವಳಿಯಲ್ಲೂ ಶಾರ್ಕ್ ಎಣ್ಣೆ ತೆಗೆದರು. ಶಾರ್ಕನ್ನು ತೇಲಿಸುವ ವಸ್ತುವೇ ಮುದುಕನಿಗೆ ದೂರದ ಕಡಲನ್ನು ಕಾಣಿಸುತ್ತಿದೆ. ಮುಂದೆ ಅವು ಅವನ ಮೀನನ್ನು ತಿನ್ನುವಾಗ ಈ ಡ್ರಮ್ಮು ನೆನಪಿದ್ದರೆ, ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಮೊದಲು ಬರುವ ಮಾಕೊ ಶಾರ್ಕಿನ ಚಿತ್ರಣ ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ. ಆಳಕ್ಕಿಳಿದ ರಕ್ತದ ಜಾಡು ಹಿಡಿದು ಬರುವ ಅದು ನಡುವೆ ಜಾಡು ತಪ್ಪುತ್ತದೆ, ಮತ್ತೆ ಹುಡುಕಿಕೊಳ್ಳುತ್ತದೆ. ಮೈಲಿಗಟ್ಟಲೆ ದೂರದಿಂದ ಒಂದು ಹನಿ ರಕ್ತ ಮೂಸುವ ಸಿನಿಮಾ ಶಾರ್ಕ್ ಇದಲ್ಲ, ನೀರಿನ ಹರಿವಿನಲ್ಲಿ ಚದುರಿದ ವಾಸನೆಯನ್ನು ಅರಸಬೇಕಾದ ನಿಜದ ಪ್ರಾಣಿ. ಮಾಕೊದ ಸ್ನಾಯುಗಳು ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತವೆ. ಅದರ ರಕ್ತನಾಳಗಳ ಹೆಣಿಗೆ ಶಾಖವನ್ನು ಹೊರಬಿಡದೆ ಉಳಿಸಿಕೊಳ್ಳುತ್ತದೆ. ವೇಗದ ಗುಟ್ಟುಗಳಲ್ಲಿ ಇದೂ ಒಂದು. ಅದನ್ನು ಕೊಂದ ಮೇಲೆ ಮುದುಕ, ಇದೂ ನನ್ನ ಹಾಗೆ ಜೀವಂತ ಮೀನು ಹಿಡಿದು ಬದುಕುವಂಥದ್ದು ಎಂದುಕೊಂಡು ಪಾಪಪುಣ್ಯದ ಲೆಕ್ಕಕ್ಕೆ ಇಳಿಯುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವ ಗಳಿಗೆ ಇದು.

ಆದರೆ ಆ ಪ್ರಾಮಾಣಿಕತೆ ಮುಂದಿನ ಶಾರ್ಕ್‌ಗಳ ತನಕ ಬಾಳುವುದಿಲ್ಲ. ಅವನು ‘ಗಲಾನೊ’ ಎಂದು ಕರೆಯುವ, ಎದೆರೆಕ್ಕೆಯ ತುದಿ ಬೆಳ್ಳಗಿರುವ ಈ ಶಾರ್ಕ್‌ಗಳು ನಾರುವಂಥವು, ಹೆಣ ತಿನ್ನುವಂಥವು, ನಿದ್ದೆಹೋದ ಆಮೆಗಳ ಕಾಲು ಕಡಿಯುವಂಥವು. ಬೇಟೆಯಾಡುವವನು ಕುಲೀನ, ಸತ್ತದ್ದನ್ನು ತಿನ್ನುವವನು ಕೀಳು! ಈ ಶ್ರೇಣಿಯ ಭಾಷೆ ಕನ್ನಡ ಓದುಗರಿಗೆ ಹೊಸದೇನಲ್ಲ, ನಾವದನ್ನು ಮೀನುಗಳ ಮೇಲಲ್ಲ, ಮನುಷ್ಯರ ಮೇಲೇ ಬಳಸಿದವರು. ಆಮೆಗಳ ಮಾತಿಗೆ ಬಂದರೆ, ವರ್ಷಗಟ್ಟಲೆ ಆಮೆ ಬೇಟೆಯ ದೋಣಿಗಳಲ್ಲಿ ದುಡಿದವನು, ಮೈಗೆ ಬಲ ಬರಲೆಂದು ಅವುಗಳ ಮೊಟ್ಟೆ ತಿಂದವನು ಇದೇ ಸ್ಯಾಂಟಿಯಾಗೊ. ಹೆಮಿಂಗ್ವೆಗೆ ಇದು ಗೊತ್ತಿತ್ತು. ಎಣ್ಣೆಯ ಡ್ರಮ್ಮಿಗೆ ಸ್ವಲ್ಪ ಮೊದಲೇ ಮೊಟ್ಟೆಯ ಮಾತನ್ನೂ ಬರೆದಿದ್ದಾನೆ. ಆದರೂ ಕದನದ ಬಿಸಿಯಲ್ಲಿ ಕಥನ ಮುದುಕನ ತಿರಸ್ಕಾರವನ್ನು ಪ್ರಶ್ನಿಸದೆ ತನ್ನದಾಗಿಸಿಕೊಳ್ಳುತ್ತದೆ. ಕೃತಿಯ ಸೋಲು ಇಲ್ಲಿದೆ ಎಂದು ನನ್ನ ಅನಿಸಿಕೆ.

ಆ ತಿರಸ್ಕಾರ ಪುಸ್ತಕದೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. 1974ರಲ್ಲಿ ‘ಜಾಸ್’ ಬರೆದ ಪೀಟರ್ ಬೆಂಚ್ಲಿ, ತಾನು ಹಬ್ಬಿಸಿದ ಭಯವನ್ನು ಕಂಡು ಮುಂದೆ ಶಾರ್ಕ್ ಸಂರಕ್ಷಣೆಗೇ ದುಡಿದ. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎನ್ನುತ್ತದೆ 2021ರಲ್ಲಿ ‘ನೇಚರ್’ ಪ್ರಕಟಿಸಿದ ಅಧ್ಯಯನ. ಕಾರಣ ಭಯಕ್ಕಿಂತ ಹೆಚ್ಚಾಗಿ ಬಲೆ ಮತ್ತು ಗಾಳ. ಹೆಣ್ಣು ಮಾಕೊ ಪ್ರಾಯಕ್ಕೆ ಬರಲು ಸುಮಾರು 18 ವರ್ಷ ಬೇಕು, ಬಲೆ ಅಷ್ಟು ಕಾಯುವುದಿಲ್ಲ. ಮಾಕೊ ಈಗ ಅಪಾಯದಂಚಿನ ಪಟ್ಟಿಯಲ್ಲಿದೆ. ಮುದುಕ ಹೇಸಿದ ಗಲಾನೊ, ಹಲವರು ಗುರುತಿಸುವಂತೆ ವೈಟ್‌ಟಿಪ್ ಶಾರ್ಕೇ ಆಗಿದ್ದರೆ, ಅದರ ಸ್ಥಿತಿ ಇನ್ನೂ ಕೆಟ್ಟದು: ತೀವ್ರ ಅಪಾಯದಂಚು.

ಕೊನೆಯ ಪುಟದಲ್ಲಿ ಪ್ರವಾಸಿ ಹೆಂಗಸೊಬ್ಬಳು, ಕಸದ ಜೊತೆ ಇಳಿತಕ್ಕೆ ಕಾಯುತ್ತಿರುವ ಬೆನ್ನೆಲುಬನ್ನು ತೋರಿಸಿ ಅದೇನೆಂದು ಕೇಳುತ್ತಾಳೆ. ಮಾಣಿ ನಡೆದದ್ದನ್ನು ಹೇಳಹೊರಟು ಶಾರ್ಕಿನ ಹೆಸರೆತ್ತುತ್ತಾನೆ. ಆಕೆ ಅಷ್ಟೇ ಕೇಳಿಸಿಕೊಂಡು, ಶಾರ್ಕಿಗೆ ಇಷ್ಟು ಚೆಂದದ ಬಾಲವಿರುತ್ತದೆಂದು ಗೊತ್ತಿರಲಿಲ್ಲ ಎಂದು ಅಚ್ಚರಿಪಡುತ್ತಾಳೆ. ಅವಳ ಕಣ್ಣೆದುರಿಗಿದ್ದದ್ದು ಮಾರ್ಲಿನ್ನಿನ ಮೂಳೆ. ಶಾರ್ಕಿಗೆ ಮೂಳೆಯೇ ಇಲ್ಲ, ಅದರ ಅಸ್ಥಿಪಂಜರವೆಲ್ಲ ಮೃದ್ವಸ್ಥಿ.