ಹಿಮದ ಚಿತ್ರಕ್ಕೆ ಎರೆಸೀಮೆಯ ಮಾತು

ಮಕ್ಕಳು ಬರೆದ ವರ್ಣನೆ ಓದುವುದಕ್ಕೂ ರಸಿಕತೆ ಬೇಕು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಗುರುಗಳಿಗೆ, ತಾಯಿ-ತಂದೆಯರಿಗೆ ನನ್ನ ಸಲಹೆ ಇಷ್ಟು: ಧ್ರುವಪ್ರದೇಶದ ಒಂದು ಫೋಟೊ ಮಕ್ಕಳ ಮುಂದಿಡಿ. ಜಾತ್ರೆ, ಮಳೆಗಾಲ ಎಂದರೆ ಗೈಡಿನ ವಾಕ್ಯಗಳೇ ವಹಿಗೆ ಇಳಿಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಮಗುವಿಗೆ ಹಿಮದ ಬಗ್ಗೆ ಬಾಯಿಪಾಠವಿಲ್ಲ. ಅದು ಕಣ್ಣಿಟ್ಟು ನೋಡಲೇಬೇಕು.

ಮೊದಲಿಗೆ ಹರ್ಬರ್ಟ್ ಪಾಂಟಿಂಗ್ 1911ರ ಜನವರಿ 5ರಂದು ಅಂಟಾರ್ಕ್ಟಿಕದಲ್ಲಿ ತೆಗೆದ ಚಿತ್ರ. ಹಿಮಗುಡ್ಡದೊಳಗಿನ ಗವಿಯಿಂದ ಹೊರಕ್ಕೆ ನೋಟ. ಗವಿಯ ಬಾಯಲ್ಲಿ ಇಬ್ಬರು, ದೂರದಲ್ಲಿ ಅನ್ವೇಷಕ ಸ್ಕಾಟ್ ತಂಡದ 'ಟೆರಾ ನೋವಾ' ಹಡಗು. ಐದು ನಿಮಿಷ ಯಾರೂ ಪೆನ್ಸಿಲ್ ಮುಟ್ಟಬಾರದು. ಫೋಟೊ ತೆಗೆದವನು ಎಲ್ಲಿ ನಿಂತಿದ್ದಾನೆ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಆ ಇಬ್ಬರನ್ನು ಹೆಬ್ಬೆರಳಿನಿಂದ ಮುಚ್ಚಿಸಿ ನೋಡಿ: ಗವಿ ಎಷ್ಟು ದೊಡ್ಡದೆಂಬುದೇ ತಿಳಿಯದಾಗುತ್ತದೆ. ಬೆರಳು ತೆಗೆದ ಕೂಡಲೇ ಮಕ್ಕಳಿಗೆ ಬರೆಯಲು ವಿಷಯ ಸಿಕ್ಕಿರುತ್ತದೆ.

ಈಗ ಓದುವ ನಿಮ್ಮ ಸರದಿ. 'ಹಾಲಿನಂತೆ ಬಿಳಿಯಾದ ಹಿಮ' ಎಂದಿದ್ದರೆ ಮಗು ಚಿತ್ರ ನೋಡಿಲ್ಲ. 'ಗವಿ ಒಳಗ ಕತ್ಲಿ ಐತಿ, ಬಾಯಾಗ ನಿಂತವರು ಕರ್ರಗ ಕಾಣ್ತಾರ' ಎಂದಿದ್ದರೆ ನೋಡಿದೆ. ದಯಮಾಡಿ ಆ 'ಕತ್ಲಿ'ಗೆ ಕೆಂಪು ಗೆರೆ ಎಳೆಯಬೇಡಿ. ಗ್ರಾಂಥಿಕ ರೂಪ ಎರಡನೆಯ ಪ್ರತಿಯಲ್ಲಿ ಬಂದರೆ ಸಾಕು.

ಕಂಡದ್ದನ್ನು ಕಂಡಂತೆ ಬರೆಯುವುದು ಹೊಸ ಹುಚ್ಚಲ್ಲ. ಒಂಬತ್ತನೆಯ ಶತಮಾನದಲ್ಲಿ, ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಸಂಸ್ಕೃತ ಲಾಕ್ಷಣಿಕ ದಂಡಿಯ ಜಾಡಿನಲ್ಲೇ ನಡೆದು, ವಸ್ತುವನ್ನು ಇದ್ದ ಹಾಗೆ ಹೇಳುವ ಜಾತಿಯನ್ನೂ ಅಲಂಕಾರವೆಂದೇ ಎಣಿಸಿತು.

ಹೋಲಿಕೆ ಬರಲಿ, ಆದರೆ ಅದನ್ನು ತಿಕ್ಕಿ ನೋಡಿ. ಫ್ರಾಂಕ್ ಹರ್ಲಿ 1915ರಲ್ಲಿ ತೆಗೆದ, ಹಿಮಗಡ್ಡೆಗಳ ನಡುವೆ ಸಿಕ್ಕಿಬಿದ್ದ 'ಎಂಡ್ಯೂರೆನ್ಸ್' ಹಡಗಿನ ಚಿತ್ರ ತೋರಿಸಿದರೆ, 'ಬ್ಯಾಸಗ್ಯಾಗ ಎರಿ ಹೊಲಾ ಸೀಳಿದಂಗ' ಎಂದು ಯಾವುದಾದರೂ ಮಗು ಬರೆದೀತು. ಚೆನ್ನಾಗಿದೆ. ಎಲ್ಲಿ ಹೊಂದುವುದಿಲ್ಲ ಎಂದೂ ಕೇಳಿ. ಹೊಲದ ಬಿರುಕು ಮಳೆ ಬರುವವರೆಗೆ ಇದ್ದಲ್ಲೇ ಇರುತ್ತದೆ. ಕಡಲ ಹಿಮ ಗಾಳಿಗೆ, ಪ್ರವಾಹಕ್ಕೆ ಸರಿಯುತ್ತ ಒಂದನ್ನೊಂದು ಒತ್ತುತ್ತದೆ. ಆ ಒತ್ತಡಕ್ಕೇ ಹಡಗು ನುಗ್ಗಾಗಿ ನವೆಂಬರ್ 21ರಂದು ಮುಳುಗಿತು. ಇಷ್ಟು ತಿಳಿದ ಮಗುವಿನ ಮುಂದಿನ ವಾಕ್ಯದಲ್ಲಿ ಹಿಮ ಸುಮ್ಮನೆ ಬಿದ್ದಿರುವುದಿಲ್ಲ, ಚಲಿಸುತ್ತದೆ. ಅದೇ ಹರ್ಲಿ ಹಡಗು ಮುಳುಗುವ ಮೊದಲು, ಆಗಸ್ಟ್ 27ರ ಕತ್ತಲಲ್ಲಿ ಫ್ಲಾಶ್ ಪುಡಿ ಸಿಡಿಸಿ ತೆಗೆದ ಅದರ ಚಿತ್ರದಲ್ಲಿ ಹಗ್ಗಗಳೆಲ್ಲ ಬಿಳಿ, ಆಕಾಶ ಕಪ್ಪು. ದೊಡ್ಡ ಮಕ್ಕಳಿಗೆ ಅದನ್ನು ಕೊಡಿ.

ಬಣ್ಣದ ಚಿತ್ರ ಬೇಕೆಂದರೆ ಅಂಟಾರ್ಕ್ಟಿಕದಲ್ಲಿ 2012ರಲ್ಲಿ ಆರಂಭವಾದ ನಮ್ಮ ದೇಶದ 'ಭಾರತಿ' ಸಂಶೋಧನಾ ನೆಲೆಯ ಫೋಟೊಗಳಿವೆ. ಆದರೂ ಕಪ್ಪು-ಬಿಳುಪೇ ಮೊದಲಿರಲಿ. ಬಣ್ಣವಿಲ್ಲದಾಗ ಮಕ್ಕಳು ಆಕಾರ, ನೆರಳು, ದೂರಗಳನ್ನು ಗಮನಿಸುತ್ತಾರೆ.

ಹಿಮದ ಪಾಠ ಮುಗಿದ ವಾರವೇ ಮಕ್ಕಳನ್ನು ಸೊಲ್ಲಾಪುರದ ವಿಜಾಪುರ ರಸ್ತೆಯ ಕಂಬರ ತಲಾವದ ದಂಡೆಗೆ ಕರೆದೊಯ್ಯಿರಿ. ಇವೇ ಪ್ರಶ್ನೆ ಕೇಳಿ, ಅಲ್ಲೇ ಕೂರಿಸಿ ಬರೆಸಿ.