ಕುಮಾರಪ್ಪನವರ ಲೆಕ್ಕ ಮತ್ತು ನಮ್ಮ ಗಣಿಗಳು

ಆರ್ಥಿಕ ಬೆಳವಣಿಗೆಯನ್ನು ಪ್ರಶ್ನಿಸಿದವರನ್ನು ಕನಸುಗಾರರೆಂದು ಬದಿಗೆ ಸರಿಸುವುದು ನಮ್ಮಲ್ಲಿ ರೂಢಿ. ಗಾಂಧೀ ಪಂಥದ ಅರ್ಥಶಾಸ್ತ್ರಕ್ಕೂ ಅದೇ ಗತಿಯಾಯಿತು. ಆದರೆ ಆ ಪಂಥಕ್ಕೆ ಶಾಸ್ತ್ರದ ರೂಪ ಕೊಟ್ಟ ಜೆ.ಸಿ. ಕುಮಾರಪ್ಪ ವೃತ್ತಿಯಿಂದ ಲೆಕ್ಕಪರಿಶೋಧಕರು. 1892ರಲ್ಲಿ ತಂಜಾವೂರಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಲೆಕ್ಕಶಾಸ್ತ್ರ ಕಲಿತು, ಮುಂಬಯಿಯಲ್ಲಿ ಕಚೇರಿ ನಡೆಸಿದವರು. ಮುಂದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ಸರ್ಕಾರದ ತೆರಿಗೆ ನೀತಿಗೂ ಭಾರತದ ಬಡತನಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದರು. 1929ರಲ್ಲಿ ಗಾಂಧೀಜಿಯನ್ನು ಕಂಡ ಮೇಲೆ ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗರ ಆದಾಯ ಎಷ್ಟು, ಸಾಲ ಎಷ್ಟು ಎಂದು ಅಳೆಯುವ ಕೆಲಸಕ್ಕೆ ಇಳಿದರು. ಅವರು ಬೆಳವಣಿಗೆಯ ಮೇಲೆ ಹೊರಿಸಿದ ಆರೋಪ ಮೂಲತಃ ಒಬ್ಬ ಲೆಕ್ಕಿಗನ ಆರೋಪ. ಇಂದಿಗೂ ಅದಕ್ಕೆ ಸರಿಯಾದ ಉತ್ತರ ಬಂದಿಲ್ಲವೆಂದು ನಾನು ನಂಬಿದ್ದೇನೆ. ಅವರು ಸೂಚಿಸಿದ ಪರಿಹಾರದ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ.

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಸೇರಿದ ಕುಮಾರಪ್ಪ ಜಬಲ್ಪುರದ ಸೆರೆಮನೆಯಲ್ಲಿ ಬರೆದ ‘ಎಕಾನಮಿ ಆಫ್ ಪರ್ಮನೆನ್ಸ್’ ಈ ಪಂಥದ ಮೂಲಗ್ರಂಥ. ನಿಸರ್ಗದಲ್ಲಿ ಅವರು ಐದು ಬಗೆಯ ಬದುಕನ್ನು ಗುರುತಿಸುತ್ತಾರೆ. ಇನ್ನೊಂದು ಜೀವವನ್ನು ಕೊಂದು ತಿನ್ನುವ ಹುಲಿಯದು ಒಂದು ಕೊನೆ. ಏನನ್ನೂ ಬಯಸದೆ ಮರಿಗೆ ಗುಟುಕು ಕೊಡುವ ತಾಯಿಹಕ್ಕಿಯದು ಇನ್ನೊಂದು ಕೊನೆ. ಈ ವರ್ಗೀಕರಣದಲ್ಲಿ ಉಪದೇಶದ ವಾಸನೆ ತುಸು ಹೆಚ್ಚೇ ಇದೆ. ಪುಸ್ತಕದ ನಿಜವಾದ ತೂಕವಿರುವುದು ಬೇರೆಡೆ: ಕಲ್ಲಿದ್ದಲು, ಪೆಟ್ರೋಲಿಯಂ, ಅದಿರುಗಳನ್ನು ಅವರು ಮುಗಿದುಹೋಗುವ ದಾಸ್ತಾನು ಎಂದು ಕರೆದು, ಕಾಡು, ನೀರು, ಬೆಳೆಗಳಂಥ ಹರಿವಿನಿಂದ ಬೇರೆ ಮಾಡುವಲ್ಲಿ. ದಾಸ್ತಾನನ್ನು ನೆಚ್ಚಿದ ನಾಗರಿಕತೆ ಅದಕ್ಕಾಗಿ ಯುದ್ಧ ಮಾಡಲೇಬೇಕಾಗುತ್ತದೆ ಎಂದು ಎರಡನೆಯ ಮಹಾಯುದ್ಧದ ನಡುವೆ ಕೂತು ಅವರು ಬರೆದರು. ಲೆಕ್ಕಶಾಸ್ತ್ರದ ಮೊದಲ ಪಾಠ ಇದು. ಆಸ್ತಿ ಮಾರಿ ಬಂದ ಹಣವನ್ನು ಆದಾಯವೆಂದು ಬರೆದುಕೊಂಡ ಅಂಗಡಿ ಬಹಳ ದಿನ ಬಾಳುವುದಿಲ್ಲ.

ದೇಶದ ಒಟ್ಟು ಉತ್ಪನ್ನದ ಲೆಕ್ಕ ಹಾಕುವಾಗ ನಾವು ಮಾಡುತ್ತಿರುವುದು ಇದನ್ನೇ. ಕುದುರೆಮುಖವನ್ನೇ ತೆಗೆದುಕೊಳ್ಳಿ. ಅಲ್ಲಿನ ಗಣಿ ಕಂಪನಿ 1976ರಲ್ಲಿ ಇರಾನಿಗೆ ಕಬ್ಬಿಣದ ಅದಿರು ಒದಗಿಸಲೆಂದು ಶುರುವಾಯಿತು. ಇರಾನಿನಲ್ಲಿ ಕ್ರಾಂತಿಯಾಗಿ ಆ ಗಿರಾಕಿ ತಪ್ಪಿತು. ಗಣಿ ಮಾತ್ರ ನಿಲ್ಲಲಿಲ್ಲ. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಗುಡ್ಡಗಳನ್ನು ಕೊರೆದು, ಅದಿರನ್ನು ಅರೆದು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಉಳಿದ ಕೆಸರು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿತು, ಮಳೆಗಾಲದಲ್ಲಿ ಭದ್ರೆಯ ನೀರು ಕೆಂಪಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಷ್ಟು ವರ್ಷವೂ ರಫ್ತಾದ ಒಂದೊಂದು ಟನ್ನೂ ದೇಶದ ಆದಾಯಕ್ಕೆ ಸೇರಿತ್ತು. ಕರಗಿದ ಗುಡ್ಡಕ್ಕೆ, ಹೂಳು ಹೊತ್ತ ಹೊಳೆಗೆ ಖರ್ಚಿನ ಕಡೆಯಲ್ಲಿ ಒಂದು ಸಾಲೂ ಇರಲಿಲ್ಲ. ಅಲ್ಲಿ ದುಡಿದು ಬದುಕು ಕಟ್ಟಿಕೊಂಡ ಕುಟುಂಬಗಳೂ ಗಣಿ ಮುಚ್ಚಿದಾಗ ಊರು ಬಿಡಬೇಕಾಯಿತು. ದಾಸ್ತಾನಿನ ಮೇಲೆ ನಿಂತ ಊರಿನ ಆಯುಸ್ಸು ದಾಸ್ತಾನಿನಷ್ಟೇ ಎಂಬುದನ್ನು ಕೋಲಾರದ ಚಿನ್ನದ ಗಣಿ 2001ರಲ್ಲೇ ನಮಗೆ ತೋರಿಸಿತ್ತು.

ಇಷ್ಟು ಕಂಡವರ ಮಾತನ್ನು ಸ್ವತಂತ್ರ ಭಾರತ ಏಕೆ ಕೇಳಲಿಲ್ಲ? ಸ್ವಾತಂತ್ರ್ಯಕ್ಕೆ ಮೊದಲೇ ಕುಮಾರಪ್ಪ ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿಗೆ ಸೇರಿದವರು, ಕೆಲವೇ ತಿಂಗಳಲ್ಲಿ ಹೊರಬಂದರು. ಭಾರೀ ಕೈಗಾರಿಕೆಯ ಕನಸಿನ ನಡುವೆ ಗಾಣ, ಕೈಕಾಗದ, ಜೇನು ಸಾಕಣೆಯ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ ಸೋಲಿನ ಹೊಣೆಯನ್ನೆಲ್ಲ ನೆಹರೂ ಕಾಲದ ಮೇಲೆ ಹಾಕುವುದು ನ್ಯಾಯವಲ್ಲ. ಈ ಪಂಥದ ಒಳಗೇ ಒಂದು ದೊಡ್ಡ ಬಿರುಕಿತ್ತು. ಅದು ಹಳ್ಳಿಯನ್ನು ಒಂದೇ ಮನೆಯೆಂಬಂತೆ ನೋಡಿತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ ಗೂಡೆಂದು ಕಟುವಾಗಿ ಹೇಳಿದಾಗ ಅವರ ಬೆನ್ನಿಗೆ ಶತಮಾನಗಳ ಅನುಭವವಿತ್ತು. ಚರ್ಮ ಹದ ಮಾಡುವುದನ್ನು ಗ್ರಾಮೋದ್ಯೋಗವೆಂದು ಗೌರವಿಸಿದರೆ ಸಾಲದು. ಆ ಕೆಲಸ ಯಾವ ಕೇರಿಯ ಪಾಲಿಗೆ ಬಂತು, ಅಲ್ಲಿಂದ ಹೊರಬರಲು ಅವರ ಮಕ್ಕಳಿಗೆ ದಾರಿಯಿತ್ತೇ ಎಂದು ಕೇಳಬೇಕಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಕಡಿಮೆ ಕೂಲಿಗೆ ನುಗ್ಗಾಗುತ್ತಾಳೆ, ನಿಜ. ಆದರೂ ಊರಿನಲ್ಲಿ ಸಿಗದ ಏನೋ ಒಂದು ಅವಳಿಗೆ ಅಲ್ಲಿ ಸಿಗುತ್ತದೆ. ಬೆಳವಣಿಗೆಯನ್ನು ಟೀಕಿಸುವವರು ಆ ‘ಏನೋ ಒಂದ’ಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ.

ಕುಮಾರಪ್ಪನವರಿಗೆ ಹಳ್ಳಿಯೊಳಗಿನ ಈ ಅಸಮಾನತೆ ಪೂರ್ತಿ ಕಾಣಲಿಲ್ಲವೆಂದೂ ಹೇಳಲಾರೆ. ಅವರ ಅಧ್ಯಕ್ಷತೆಯ ಭೂಸುಧಾರಣಾ ಸಮಿತಿ 1949ರಲ್ಲಿ ಕೊಟ್ಟ ವರದಿ ಮಧ್ಯವರ್ತಿಗಳನ್ನು ತೆಗೆದುಹಾಕಲು, ಹಿಡುವಳಿಗೆ ಮಿತಿ ಹಾಕಲು ಹೇಳಿತು. ಗಾಂಧೀ ಪಂಥದವರು ಗ್ರಾಮೋದ್ಯೋಗದ ಭಂಡಾರಗಳನ್ನು ಕಾಪಾಡಿಕೊಂಡರು, ಈ ವರದಿಯನ್ನು ಮರೆತರು. ನನ್ನ ಮಟ್ಟಿಗೆ ಕುಮಾರಪ್ಪನವರ ಬದುಕಿನ ಅತ್ಯಂತ ಮುಖ್ಯವಾದ ಸಾರ್ವಜನಿಕ ಕೆಲಸ ಆ ವರದಿಯೇ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಕರ್ನಾಟಕ ‘ಉಳುವವನೇ ಹೊಲದೊಡೆಯ’ ಎಂದಾಗ ಗೇಣಿದಾರನ ಮನೆಯಲ್ಲಿ ಆದ ಬದಲಾವಣೆಯನ್ನು ಯಾವ ಖಾದಿ ಭಂಡಾರವೂ ತರಲು ಆಗುತ್ತಿರಲಿಲ್ಲ. ಅದೇ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದಾಗ ಅದನ್ನು ಸಮರ್ಥಿಸಿದ್ದು ಬೆಳವಣಿಗೆಯ ಹೆಸರಿನಲ್ಲೇ.

ಪಂಥದ ಎರಡನೆಯ ದೌರ್ಬಲ್ಯ, ಅದು ಕೊಳ್ಳುವವರ ಸದ್ಗುಣವನ್ನು ನಂಬಿದ್ದು. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ದಶಕಗಳಿಂದ ರಾಷ್ಟ್ರಧ್ವಜ ತಯಾರಿಸುತ್ತ ಬಂದಿದೆ. ಬಾಗಲಕೋಟೆಯ ತುಳಸಿಗೇರಿಯಲ್ಲಿ ಅದರ ಬಟ್ಟೆ ನೇಯುತ್ತಾರೆ. ಈ ದುಡಿಮೆಯನ್ನು ಕಾಪಾಡಿದ್ದು ಧ್ವಜ ಕೈನೂಲಿನದೇ ಆಗಿರಬೇಕೆಂಬ ನಿಯಮ. 2021ರ ಡಿಸೆಂಬರಿನಲ್ಲಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಆ ಒಂದು ತಿದ್ದುಪಡಿ ಬೆಂಗೇರಿ, ತುಳಸಿಗೇರಿಯ ಹೆಣ್ಣುಮಕ್ಕಳ ಕೆಲಸಕ್ಕೇ ಕುತ್ತು ತಂದಿತು. ಹೆಗ್ಗೋಡಿನ ಬಳಿ ‘ಚರಕ’ ಎಂಬ ಕೈಮಗ್ಗ ಸಂಸ್ಥೆ ಕಟ್ಟಿದ ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಉಪವಾಸ ಕೂತಾಗ ಈ ಪಂಥ ಕೊನೆಗೂ ಸರಿಯಾದ ಬಾಗಿಲು ತಟ್ಟಿತು ಅನ್ನಿಸಿತು. ಚರಕದ ಅಡಿಕೆ ಚೊಗರಿನ ಬಣ್ಣದ ಬಟ್ಟೆ ಚೆಂದವೇ. ಆದರೆ ಮಗ್ಗ ಮತ್ತು ಗಿರಣಿಯ ಪೈಪೋಟಿ ತೀರ್ಮಾನವಾಗುವುದು ತೆರಿಗೆಯಲ್ಲಿ, ವಿದ್ಯುತ್ತಿನ ದರದಲ್ಲಿ, ಸರ್ಕಾರದ ಖರೀದಿಯಲ್ಲಿ.

ಪಶ್ಚಿಮದಲ್ಲಿ ಇದೇ ವಿಚಾರ ಬೇರೆ ಹಾದಿ ಹಿಡಿಯಿತು. ಬ್ರಿಟನ್ನಿನ ಕಲ್ಲಿದ್ದಲು ಮಂಡಳಿಯಲ್ಲಿದ್ದ ಶುಮಾಖರ್ ಕುಮಾರಪ್ಪನವರನ್ನು ಓದಿಕೊಂಡು 1973ರಲ್ಲಿ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಪ್ರಕಟಿಸಿದರು. ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ, ನಿಸರ್ಗದಿಂದ ವರ್ಷಕ್ಕೆ ಎಷ್ಟು ತೆಗೆಯಬಹುದು ಎಂಬುದಕ್ಕೇ ಕಾನೂನಿನ ಮಿತಿ ಹಾಕಿ ಎಂದರು. ನನಗೆ ಡೇಲಿಯ ಮಾತು ಹೆಚ್ಚು ಉಪಯುಕ್ತವೆನಿಸುತ್ತದೆ. ಶ್ರೀಮಂತ ದೇಶಗಳ ಬೆಳವಣಿಗೆ ಇಳಿಸುವ ಘೋಷಣೆಯನ್ನು ಹಾಗೇ ತಂದು ಕಲಬುರಗಿ, ಯಾದಗಿರಿಯ ಮುಂದೆ ಇಡಲಾಗದು. ಅಲ್ಲಿ ಆಸ್ಪತ್ರೆ, ಶಾಲೆ, ಕುಡಿಯುವ ನೀರು ಇನ್ನೂ ಬೆಳೆಯಬೇಕು. ಯಾವುದು ಬೆಳೆಯಬೇಕು, ಯಾವುದಕ್ಕೆ ತಡೆ ಬೇಕು ಎಂದು ಬೇರೆಬೇರೆಯಾಗಿ ಕೇಳುವುದೇ ಸರಿ.

ಡೇಲಿ ಹೇಳಿದಂಥ ತಡೆಯ ಒಂದು ಪ್ರಯೋಗ ನಮ್ಮಲ್ಲೇ ನಡೆದಿದೆ. 2011ರಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಮುಂದೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಅದಿರಿನ ಮಿತಿ ಹಾಕಿತು. ಹಾಳಾದ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಕೂಡಿಬಿತ್ತು. ಗುಡ್ಡ ಅಗೆದಾಗಲೂ ದೇಶದ ಉತ್ಪನ್ನ ಹೆಚ್ಚಿತ್ತು, ಗಾಯಕ್ಕೆ ಮದ್ದು ಹಚ್ಚುವ ಖರ್ಚೂ ಅದೇ ಉತ್ಪನ್ನಕ್ಕೆ ಸೇರುತ್ತದೆ. ಕುಮಾರಪ್ಪನವರ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಭಾರತದ ಆರ್ಥಿಕ ಇತಿಹಾಸದಲ್ಲಿ ಭೂಮಿಯಿಂದ ತೆಗೆಯುವುದಕ್ಕೆ ಹೀಗೊಂದು ಛಾವಣಿ ಹಾಕಿದ್ದು ಅಪರೂಪದ ಘಟನೆ. ಅದನ್ನು ಹಾಕಿದ್ದು ಯೋಜನಾ ಆಯೋಗವಲ್ಲ, ಶಾಸನಸಭೆಯಲ್ಲ, ನ್ಯಾಯಾಲಯ. ಹಾಗಾಗಿ ಅದರ ಹಿಂದೆ ಜನರ ಒತ್ತಾಸೆಯೂ ಇರಲಿಲ್ಲ. 2017ರಲ್ಲಿ ಮಿತಿ 3.5 ಕೋಟಿ ಟನ್ನಿಗೆ, 2022ರಲ್ಲಿ 5 ಕೋಟಿಗೆ ಏರಿತು. ಅದೇ ವರ್ಷ ರಫ್ತಿಗೂ ದಾರಿ ತೆರೆಯಿತು. ಉಕ್ಕಿನ ಕಾರ್ಖಾನೆಗಳ ಬೇಡಿಕೆ, ಸರ್ಕಾರದ ರಾಯಧನ, ಗಣಿ ಕಾರ್ಮಿಕರ ಕೆಲಸ ಎಲ್ಲವೂ ಮಿತಿ ಏರಿಸುವ ಪರವಾಗಿ ವಾದಕ್ಕೆ ಒದಗಿದವು. ಸಂಡೂರಿನ ಸುತ್ತ ಗಣಿಧೂಳು ಕೂತ ಹೊಲಗಳ ಗ್ರಾಮಸಭೆಗಳಿಗೆ ಆ ಅಂಕಿಯನ್ನು ಒಪ್ಪುವ ಅಥವಾ ತಳ್ಳುವ ಅಧಿಕಾರ ಒಮ್ಮೆಯೂ ಇರಲಿಲ್ಲ.